ಹೊತ್ತು ತಪ್ಪುವ ಗ್ರಹ, ಕಾಣದ ನೆರೆಯವ
ಪ್ರಶ್ನೆ: ದೂರದರ್ಶಕಕ್ಕೂ ಕಾಣದ ಗ್ರಹ ಇದೆಯೆಂದು ವಿಜ್ಞಾನಿಗಳಿಗೆ ತಿಳಿಯುವುದು ಹೇಗೆ? – ಓದುಗರೊಬ್ಬರು, ಹಂಪಸಾಗರ

ಪಕ್ಕದ ಗ್ರಹ ಹೊತ್ತು ತಪ್ಪಿ ಬರುವುದರಿಂದ!

ಕೆಪ್ಲರ್-19 ನಕ್ಷತ್ರದ ಮುಂದೆ ಸುಮಾರು 9.3 ದಿನಕ್ಕೊಮ್ಮೆ ಒಂದು ಗ್ರಹ ಹಾಯುತ್ತದೆ. ಆಗ ನಕ್ಷತ್ರದ ಬೆಳಕು ತುಸು ಕುಗ್ಗುತ್ತದೆ. 2012ರ ಜೂನ್ 6ರಂದು ಶುಕ್ರ ಸೂರ್ಯನ ಮುಂದೆ ಹಾದದ್ದೂ ಇಂಥದ್ದೇ ಸಂಕ್ರಮಣ. ಒಂಟಿ ಗ್ರಹವಾದರೆ ಲೆಕ್ಕ ಹಾಕಿದ ಹೊತ್ತಿಗೇ ಬರಬೇಕು. ಕೆಪ್ಲರ್-19ರ ಗ್ರಹ ಹಾಗೆ ಬರಲಿಲ್ಲ. ಕೆಲವೊಮ್ಮೆ ಐದು ನಿಮಿಷ ಮೊದಲು, ಕೆಲವೊಮ್ಮೆ ಐದು ನಿಮಿಷ ತಡ. ಇನ್ನೊಂದು ಗ್ರಹದ ಗುರುತ್ವ ಇದನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದೆ ಎಂದು 2011ರಲ್ಲಿ ಖಗೋಳ ವಿಜ್ಞಾನಿ ಸಾರಾ ಬಲ್ಲಾರ್ಡ್ ಮತ್ತು ಸಂಗಡಿಗರು ಸಾರಿದರು. 1846ರಲ್ಲಿ ಯುರೇನಸ್ಸಿನ ದಾರಿ ತಪ್ಪಿದ ನಡೆಯಿಂದ ನೆಪ್ಚೂನ್ ಸಿಕ್ಕಿದ್ದೂ ಇದೇ ತರ್ಕದಿಂದ.

ವಿಧಾನಕ್ಕೊಂದು ಮಿತಿಯಿದೆ. ಬೇರೆ ಬೇರೆ ತೂಕದ, ಬೇರೆ ಬೇರೆ ದೂರದ ಗ್ರಹಗಳು ಒಂದೇ ಬಗೆಯ ಏರುಪೇರು ತರಬಲ್ಲವು. ಹೀಗಾಗಿ ಆ ಅಡಗಿದ ಗ್ರಹದ ಸುತ್ತು ಸುಮಾರು 28.7 ದಿನ, ತೂಕ ಸುಮಾರು 13 ಭೂಮಿಗಳಷ್ಟು ಎಂದು ಗೊತ್ತಾಗಲು 2017 ಬೇಕಾಯಿತು. ಗ್ರಹಗಳ ಎಳೆತದಿಂದಾಗುವ ನಕ್ಷತ್ರದ ಓಲಾಟವನ್ನೂ ಅಳೆದ ಮೇಲೆಯೇ ಅದು ತಿಳಿದದ್ದು.

ಸಂಕ್ರಮಣ ಅಳೆಯುವ ಕೆಲಸ ನಮ್ಮಲ್ಲೂ ನಡೆದಿದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯಿಂದಲೇ ನಡೆಸುತ್ತದೆ. ಅದನ್ನೂ ತಮಿಳುನಾಡಿನ ಕಾವಲೂರಿನ 1.3 ಮೀಟರ್ ದೂರದರ್ಶಕವನ್ನೂ ಬಳಸಿ ಅದೇ ಸಂಸ್ಥೆಯ ಅರಿತ್ರ ಚಕ್ರವರ್ತಿ, ಸುಜನ್ ಸೇನ್‌ಗುಪ್ತ 2019ರಲ್ಲಿ ಐದು ಗ್ರಹಗಳ ವಿವರ ಪ್ರಕಟಿಸಿದರು.

ಇಂಥ ಹೊತ್ತಿನ ಲೆಕ್ಕಕ್ಕೆ ಹವ್ಯಾಸಿಗಳೂ ಬೇಕು. ನಾಸಾದ ‘ಎಕ್ಸೋಪ್ಲಾನೆಟ್ ವಾಚ್’ ಯೋಜನೆಗೆ ಸಣ್ಣ ದೂರದರ್ಶಕ ಇದ್ದವರೂ ಇಲ್ಲದವರೂ ಸೇರಬಹುದು. ನಿಮ್ಮೂರಿನ ಶಾಲೆಯ ಮಕ್ಕಳಿಗೂ ತಿಳಿಸಿ.