ಮನೆಗಿಂತ ಮೊದಲು ಬಡಾವಣೆ

ಬೆಂಗಳೂರು ಬಿಟ್ಟು ಮೈಸೂರಿಗೆ ಬರುವ ಕುಟುಂಬಗಳು ಸಾಮಾನ್ಯವಾಗಿ ಮೊದಲು ಮನೆ ನೋಡುತ್ತವೆ, ಬಡಾವಣೆಯನ್ನು ಆಮೇಲೆ. ಬೆಂಗಳೂರಿನಲ್ಲಿ ಬಡಾವಣೆ ಆರಿಸುವ ಪ್ರಮೇಯವೇ ಕಡಿಮೆ. ಆಫೀಸಿಗೆ ಎಷ್ಟು ಹೊತ್ತಿನ ದಾರಿ ಎಂಬುದೇ ಎಲ್ಲವನ್ನೂ ತೀರ್ಮಾನಿಸಿಬಿಡುತ್ತದೆ. ಮೈಸೂರಿನಲ್ಲಿ ಆ ಲೆಕ್ಕ ನಡೆಯದು. ಊರನ್ನು ಸುತ್ತುವ ಹೊರವರ್ತುಲ ರಸ್ತೆಯ ಉದ್ದವೇ ಸುಮಾರು 42 ಕಿ.ಮೀ. ಅದರ ಒಳಗೆ ಎಲ್ಲಿಂದ ಎಲ್ಲಿಗೆ ಹೋದರೂ ಸ್ಕೂಟರಿನಲ್ಲಿ ಅರ್ಧ ಗಂಟೆಯ ಮಾತು. ದೂರದಲ್ಲಿ ವ್ಯತ್ಯಾಸ ಇಲ್ಲದ ಕಡೆ ಬೇರೆಯ ವ್ಯತ್ಯಾಸಗಳು ದೊಡ್ಡದಾಗುತ್ತವೆ: ನಲ್ಲಿಗೆ ನೀರು ಬಿಡುವವರು ಯಾರು, ಚರಂಡಿ ಎಲ್ಲಿಗೆ ಸೇರುತ್ತದೆ, ಮಗು ಒಂಟಿಯಾಗಿ ಹಾಲಿನ ಬೂತಿಗೆ ಹೋಗಿಬರಬಹುದೆ. ಇವುಗಳಿಗೆ ಉತ್ತರ ಮನೆಯೊಳಗೆ ಸಿಗುವುದಿಲ್ಲ. ಬಡಾವಣೆ ಎಷ್ಟು ಹಳೆಯದು, ಯಾರು ಮಾಡಿದ್ದು, ಈಗ ಯಾರ ಸುಪರ್ದಿಯಲ್ಲಿದೆ ಎಂಬುದರಲ್ಲಿ ಸಿಗುತ್ತದೆ.

ಮೈಸೂರು ಪದರ ಪದರವಾಗಿ ಬೆಳೆದ ಊರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಪ್ಲೇಗು ಕೋಟೆ ಮತ್ತು ಪೇಟೆಯ ಇಕ್ಕಟ್ಟಾದ ಬೀದಿಗಳ ಬಗ್ಗೆ ಆಡಳಿತವನ್ನು ಎಚ್ಚರಿಸಿತು. 1903ರಲ್ಲಿ ನಗರ ಸುಧಾರಣೆಗೆಂದೇ ಒಂದು ಮಂಡಳಿ ಹುಟ್ಟಿತು. ಹಳಬರು ಇಂದಿಗೂ ಅದನ್ನು ಸಿಐಟಿಬಿ ಎಂದೇ ಕರೆಯುತ್ತಾರೆ. ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂನಂಥ ಮೊಹಲ್ಲಾಗಳಲ್ಲಿ ಬೀದಿಗಳು ನೇರ, ಮರಗಳು ದೊಡ್ಡವು. ಹಳೆಯ ಭಾಗಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು ಈಗಲೂ ಇವೆ. ಆಮೇಲೆ ಸರಸ್ವತೀಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರ ಬಂದವು. ಸಿಐಟಿಬಿಯ ಜಾಗಕ್ಕೆ 1980ರ ದಶಕದ ಕೊನೆಯಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ, ಬಂತು. ವಿಜಯನಗರದ ನಾಲ್ಕು ಹಂತಗಳನ್ನು ನೋಡಿದರೆ ಊರು ಪಶ್ಚಿಮಕ್ಕೆ ಹರಿದ ವೇಗ ತಿಳಿಯುತ್ತದೆ. ಇವುಗಳ ಆಚೆಗೆ ಗೃಹ ನಿರ್ಮಾಣ ಸಹಕಾರ ಸಂಘಗಳ ಬಡಾವಣೆಗಳು, ಖಾಸಗಿ ಲೇಔಟುಗಳು, ಕೊನೆಗೆ ಹಳ್ಳಿಯ ಹೊಲಗಳಲ್ಲೇ ಎದ್ದ ರೆವಿನ್ಯೂ ನಿವೇಶನಗಳು.

ಹಳೆಯ ಬಡಾವಣೆಯಲ್ಲಿ ಮನೆ ಹಳೆಯದಾಗಿರಬಹುದು, ಗೋಡೆಯಲ್ಲಿ ತೇವ ಇರಬಹುದು, ಕಾರು ನಿಲ್ಲಿಸಲು ಜಾಗ ಇಲ್ಲದಿರಬಹುದು. ಆದರೆ ಪಾರ್ಕು, ಶಾಲೆ, ಔಷಧಿ ಅಂಗಡಿ, ಬಸ್ ನಿಲ್ದಾಣ ಎಲ್ಲವೂ ಆಗಲೇ ತಮ್ಮ ಜಾಗದಲ್ಲಿವೆ. ಹೊಸ ಲೇಔಟಿನಲ್ಲಿ ಇದಕ್ಕೆ ತಿರುವುಮುರುವು. ಮನೆ ಹೊಳೆಯುತ್ತಿರುತ್ತದೆ, ನಕ್ಷೆಯಲ್ಲಿ ಪಾರ್ಕ್ ಎಂದು ಬರೆದ ಜಾಗದಲ್ಲಿ ಪಾರ್ಥೇನಿಯಂ ಬೆಳೆದಿರುತ್ತದೆ. ಮಕ್ಕಳು ಸಣ್ಣವರಿದ್ದರೆ, ಅಥವಾ ಅಜ್ಜ-ಅಜ್ಜಿ ಜತೆಗಿದ್ದರೆ, ಹಳೆಯ ಬಡಾವಣೆಯ ಸಣ್ಣ ಮನೆಯೇ ವಾಸಿ. ಪಾರ್ಕು ಮುಂದೊಂದು ದಿನ ಆದೀತು, ಆದರೆ ಮಗುವಿನ ಆಟದ ವಯಸ್ಸು ಅಲ್ಲಿಯವರೆಗೆ ಕಾಯುವುದಿಲ್ಲ.

ಹೊಸಬರು ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಈ ಬೀದಿ ಯಾರ ವ್ಯಾಪ್ತಿಗೆ ಬರುತ್ತದೆ? ಮೈಸೂರು ಮಹಾನಗರ ಪಾಲಿಕೆಯ 65 ವಾರ್ಡುಗಳ ಗಡಿ ಎಲ್ಲಿ ಮುಗಿಯುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ರಸ್ತೆ, ಅಂಗಡಿ, ಮನೆಗಳ ಸಾಲು ಹಾಗೆಯೇ ಮುಂದುವರಿಯುತ್ತವೆ. 2020ರ ಕೊನೆಯಲ್ಲಿ ಹೂಟಗಳ್ಳಿ ನಗರಸಭೆಯಾಯಿತು; ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಇವನ್ನೆಲ್ಲ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು ಆಗಿನಿಂದ ಕೇಳಿಬರುತ್ತಲೇ ಇದೆ. ಇನ್ನೂ ಆಚೆಗೆ ಹೋದರೆ ಗ್ರಾಮ ಪಂಚಾಯಿತಿ. ಕಸದ ಗಾಡಿ ವಾರಕ್ಕೆ ಎಷ್ಟು ದಿನ ಬರುತ್ತದೆ, ಕೆಟ್ಟ ಬೀದಿದೀಪಕ್ಕೆ ಯಾರಿಗೆ ಫೋನ್ ಮಾಡಬೇಕು, ಕಂದಾಯ ಎಲ್ಲಿ ಕಟ್ಟಬೇಕು ಎಂಬುದೆಲ್ಲ ಇದರ ಮೇಲೆ ನಿಂತಿದೆ. ಖಾಸಗಿ ಅಥವಾ ಸಂಘದ ಲೇಔಟಾದರೆ ಇನ್ನೊಂದು ತೊಡಕು. ಪ್ರಾಧಿಕಾರದಿಂದ ಅನುಮೋದನೆ ಆಗಿರುತ್ತದೆ, ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿರುವುದಿಲ್ಲ. ಅಂಥ ಕಡೆ ರಸ್ತೆಗುಂಡಿ ಯಾರದೂ ಅಲ್ಲ. ‘ಅಪ್ರೂವ್ಡ್ ಲೇಔಟ್’ ಎಂಬ ಬೋರ್ಡು ಈ ಸಂಗತಿಯನ್ನು ಹೇಳುವುದಿಲ್ಲ. ‘ಪಾಲಿಕೆಗೆ ಹಸ್ತಾಂತರ ಆಗಿದೆಯೆ?’ ಎಂದು ಬಾಯಿಬಿಟ್ಟೇ ಕೇಳಬೇಕು.

ನೀರಿನ ವಿಷಯಕ್ಕೆ ಹೆಚ್ಚು ಸಮಯ ಕೊಟ್ಟಷ್ಟೂ ಒಳ್ಳೆಯದು. ಮೈಸೂರಿಗೆ ಕಾವೇರಿಯ ನೀರೂ ಕಬಿನಿಯ ನೀರೂ ಬರುತ್ತದೆ. 1896ರಷ್ಟು ಹಳೆಯದಾದ ವಾಣಿವಿಲಾಸ ವಾಟರ್ ವರ್ಕ್ಸ್ ಹಂಚಿಕೆಯನ್ನು ನೋಡಿಕೊಳ್ಳುತ್ತದೆ. ಆದರೆ ಊರಿಗೆ ನೀರಿದೆ ಎಂದರೆ ಬೀದಿಗೆ ನೀರಿದೆ ಎಂದಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಿಗೆ 2008ರ ಸುಮಾರಿಗೇ ಪ್ರಾಯೋಗಿಕವಾಗಿ ದಿನದ 24 ಗಂಟೆ ನೀರು ಕೊಡಲಾಯಿತು. ಅದೇ ಊರುಗಳ ಉಳಿದ ವಾರ್ಡುಗಳು ಹಲವು ದಿನಗಳಿಗೊಮ್ಮೆ ಬರುವ ನೀರಿಗೆ ಕಾಯುತ್ತಲೇ ಇದ್ದವು. ಒಂದೇ ಊರು, ನಡುವೆ ಒಂದು ರಸ್ತೆ, ಎರಡು ಬದುಕು. ಮೈಸೂರಿನ ಅಂಚಿನಲ್ಲೂ ಇಂಥ ಗೆರೆಗಳಿವೆ: ಈಚೆಗೆ ನದಿ ನೀರು, ಆಚೆಗೆ ಕೊಳವೆಬಾವಿ ಮತ್ತು ಬೇಸಿಗೆಯಲ್ಲಿ ಟ್ಯಾಂಕರು.

ಮನೆ ಮಾಲೀಕರು ‘ನೀರಿಗೇನೂ ತೊಂದರೆ ಇಲ್ಲ’ ಎನ್ನುತ್ತಾರೆ. ಎಲ್ಲ ಮಾಲೀಕರೂ ಹಾಗೆಯೇ ಅನ್ನುತ್ತಾರೆ. ಅವರನ್ನು ಬಿಟ್ಟು ಬೀದಿಯನ್ನೇ ನೋಡಿದರೆ ಹೆಚ್ಚು ತಿಳಿಯುತ್ತದೆ. ಮಹಡಿಗಳ ಮೇಲೆ ಒಂದೊಂದು ಮನೆಗೆ ಎಷ್ಟು ಸಿಂಟೆಕ್ಸ್? ಒಂದಿದ್ದರೆ ಸರಿ, ಮೂರು ನಾಲ್ಕು ಇದ್ದರೆ ನೀರು ಅಪರೂಪಕ್ಕೆ ಬರುತ್ತದೆ, ಬಂದಾಗ ತುಂಬಿಟ್ಟುಕೊಳ್ಳುತ್ತಾರೆ ಎಂದರ್ಥ. ಸಂಪಿನ ಮುಚ್ಚಳ ತೆಗೆಸಿ ಆಳ ನೋಡಬೇಕು. ಬಚ್ಚಲುಮನೆಯ ಷವರಿನ ತೂತುಗಳಲ್ಲಿ ಬಿಳಿ ಪುಡಿ ಕಟ್ಟಿದ್ದರೆ, ಟೈಲ್ಸ್ ಮೇಲೆ ಸುಣ್ಣದಂಥ ಕಲೆ ಇದ್ದರೆ ಅದು ಬೋರ್‌ವೆಲ್ಲಿನ ಗಡಸು ನೀರು. ಗೀಸರು ಬೇಗ ಕೆಡುತ್ತದೆ, ಬೇಳೆ ಬೇಯುವುದು ತಡವಾಗುತ್ತದೆ. ಎಲ್ಲಕ್ಕಿಂತ ಖಚಿತವಾದ ಮಾಹಿತಿ ವಾಲ್ವ್ ತಿರುಗಿಸುವವನ ಬಳಿ ಇರುತ್ತದೆ. ಪಂಚಾಯಿತಿ ಕಡೆಯಾದರೆ ಅವನು ನೀರುಗಂಟಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಗಂಟೆ ಎಂಬುದನ್ನು ಅವನು ನಿಂತ ನಿಲುವಿನಲ್ಲಿ ಹೇಳುತ್ತಾನೆ. ನೀರು ನಡುರಾತ್ರಿ ಎರಡು ಗಂಟೆಗೆ ಬರುವ ಬೀದಿಯೂ ‘ನೀರು ಬರುವ’ ಬೀದಿಯೇ. ಮೋಟಾರು ಹಾಕಲು ಏಳುವವರು ಯಾರು ಎಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಬೇಕು.

ಬಂದ ನೀರು ಹೋಗುವ ದಾರಿಯೂ ಬೇಕು. ಯುಜಿಡಿ, ಅಂದರೆ ಒಳಚರಂಡಿ, ಸಂಪರ್ಕ ಇದೆಯೊ, ಪಿಟ್ ಮಾಡಿದ್ದಾರೊ ಎಂದು ಕೇಳಬೇಕು. ಪಿಟ್ ಇದ್ದು ಪಕ್ಕದಲ್ಲೇ ಬೋರ್‌ವೆಲ್ ಇದ್ದರೆ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸದೆ ಬಳಸಬಾರದು. ಮೈಸೂರು ಕೆರೆಗಳ ಊರು: ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ, ದಳವಾಯಿ, ಹೆಬ್ಬಾಳ. ಕೆರೆಯ ಪಕ್ಕದ ಮನೆ ಬೆಳಗಿನ ನಡಿಗೆಗೆ ಸ್ವರ್ಗ. ಆದರೆ ಕೆರೆಗೆ ನೀರು ಬರುವ ರಾಜಕಾಲುವೆಯ ತಗ್ಗಿನಲ್ಲಿ ಮನೆಯಿದ್ದರೆ ಜೋರು ಮಳೆಯ ರಾತ್ರಿ ಬೇರೆಯದೇ ಕತೆ. ಇದನ್ನೂ ಗೋಡೆಗಳೇ ಹೇಳುತ್ತವೆ. ಕಾಂಪೌಂಡಿನ ಬುಡದಲ್ಲಿ ಒಂದೇ ಎತ್ತರಕ್ಕೆ ಕೆಸರಿನ ಗೆರೆ, ಬೀದಿಯ ಎಲ್ಲ ಮನೆಗಳ ಗೇಟಿನ ಮುಂದೆ ಇತ್ತೀಚೆಗೆ ಕಟ್ಟಿದ ಅರ್ಧ ಅಡಿಯ ಸಿಮೆಂಟು ದಿಂಡು ಕಂಡರೆ ಹೆಚ್ಚು ವಿವರಣೆ ಬೇಕಿಲ್ಲ. ಗಾಳಿಯನ್ನೂ ಗಮನಿಸಬೇಕು. ವಿದ್ಯಾರಣ್ಯಪುರಂನ ಸೂಯೆಜ್ ಫಾರಂನಲ್ಲಿ ದಶಕಗಳಿಂದ ಊರಿನ ಕಸ ಬೀಳುತ್ತಿದೆ. ಗಾಳಿ ತಿರುಗಿದಾಗ ಆ ವಾಸನೆ ಸುತ್ತಲಿನ ಬಡಾವಣೆಗಳಿಗೆ ಬರುತ್ತದೆ. ಬಿಸಿಲಿನ ಮಧ್ಯಾಹ್ನ ಮನೆ ನೋಡಲು ಹೋದವರಿಗೆ ಅದು ಗೊತ್ತಾಗದಿರಬಹುದು. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿಗಳಲ್ಲಿ ಕಾರ್ಖಾನೆಗಳಿವೆ. ಕೆಲಸ ಅಲ್ಲೇ ಇದ್ದವರಿಗೆ ಅದು ಅನುಕೂಲ. ಆದರೆ ಮನೆ ಲಾರಿ ಓಡಾಡುವ ರಸ್ತೆಯಲ್ಲಿದೆಯೊ ಒಳಬೀದಿಯಲ್ಲಿದೆಯೊ ಎಂಬುದನ್ನು ನೋಡಿಕೊಳ್ಳಬೇಕು. ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ವಾಸದ ಪ್ರದೇಶ ಹಳದಿ, ವಾಣಿಜ್ಯ ನೀಲಿ, ಕೈಗಾರಿಕೆ ನೇರಳೆ, ಉದ್ಯಾನ ಹಸಿರು. ಮನೆಯ ಎದುರಿನ ಖಾಲಿ ಜಾಗ ಮುಂದೆ ಏನಾಗಬಹುದು ಎಂಬುದು ಅಲ್ಲಿ ಆಗಲೇ ಬರೆದಿರುತ್ತದೆ.

ಶಾಲೆ ಗೊತ್ತಾದ ಮೇಲೆ ಬಡಾವಣೆ ಆರಿಸುವುದು ಸರಿಯಾದ ಕ್ರಮ. ಬಹಳ ಕುಟುಂಬಗಳು ತಿರುಗಾಮುರುಗಾ ಮಾಡುತ್ತವೆ. ಹೆಸರಾದ ಶಾಲೆಗಳ ಸೀಟುಗಳು ಜೂನ್‌ಗೆ ಬಹಳ ಮೊದಲೇ ಮುಗಿದಿರುತ್ತವೆ. ಮಗು ಒಂಬತ್ತು ಅಥವಾ ಹತ್ತನೆಯ ತರಗತಿಯಲ್ಲಿದ್ದರೆ ಪಠ್ಯಕ್ರಮದ ಪ್ರಶ್ನೆ ಬರುತ್ತದೆ: ಸಿಬಿಎಸ್‌ಇಯಲ್ಲಿ ಹತ್ತು ಮತ್ತು ಹನ್ನೆರಡಕ್ಕೆ ನೇರ ಪ್ರವೇಶ ಕಷ್ಟ; ಪೋಷಕರ ವರ್ಗಾವಣೆಯಂಥ ಕಾರಣಗಳಿಗೆ ಮಾತ್ರ ಅವಕಾಶ. ರಾಜ್ಯದ ಶಾಲೆಯಿಂದ ಬರುವುದಾದರೆ ಟಿಸಿ ಜತೆ ಮಗುವಿನ ಸ್ಯಾಟ್ಸ್ ಸಂಖ್ಯೆಯೂ ಬೇಕು. ಶಾಲೆಯ ಗೇಟಿಗೆ ಅಂಟಿದ ಮನೆಯೂ ಒಳ್ಳೆಯದಲ್ಲ. ಬೆಳಿಗ್ಗೆ ಎಂಟೂವರೆಗೆ ವ್ಯಾನು, ಆಟೊ, ಸ್ಕೂಟರುಗಳ ನಡುವೆ ಸ್ವಂತ ಗೇಟು ತೆಗೆಯುವುದೇ ಸಾಹಸ. ಎರಡು ಮೂರು ಬೀದಿ ಆಚೆಗಿದ್ದರೆ, ನಡುವೆ ದೊಡ್ಡ ರಸ್ತೆ ದಾಟುವುದಿಲ್ಲದಿದ್ದರೆ, ಐದನೆಯ ತರಗತಿಯ ಮಗು ಗೆಳೆಯರ ಜತೆ ನಡೆದೇ ಹೋಗಬಹುದು. ಸಣ್ಣ ಊರಿಗೆ ಬಂದದ್ದರ ನಿಜವಾದ ಲಾಭ ಇಂಥದ್ದು.

ಹಿರಿಯರಿಗೆ ಬೇಕಾದ್ದು ಬೇರೆ: ಆಸ್ಪತ್ರೆ, ಬಸ್ಸು, ಮಾತಿಗೊಂದು ಕಟ್ಟೆ. ಕೆ.ಆರ್. ಆಸ್ಪತ್ರೆ, ಹೆಂಗಸರು-ಮಕ್ಕಳಿಗೆಂದೇ ಇರುವ ಚೆಲುವಾಂಬ, ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆ ಇವೆಲ್ಲ ಊರಿನ ನಡುವಿಗೆ ಮತ್ತು ಉತ್ತರಕ್ಕೆ ಇವೆ. ದಕ್ಷಿಣದ ಅಂಚಿನಿಂದ ರಾತ್ರಿ ಹೊತ್ತು ಎಷ್ಟು ನಿಮಿಷವಾಗುತ್ತದೆ ಎಂದು ಒಮ್ಮೆ ಗಾಡಿಯಲ್ಲಿ ಹೋಗಿ ನೋಡುವುದೇ ಮೇಲು. ಸಿಟಿ ಬಸ್ಸುಗಳು ಹೆಚ್ಚಾಗಿ ಅರಮನೆ ಬಳಿಯ ನಿಲ್ದಾಣಕ್ಕೇ ಹೋಗುತ್ತವೆ. ಹಾಗಾಗಿ ಊರೊಳಕ್ಕೆ ಹೋಗುವುದು ಸುಲಭ, ಒಂದು ಬಡಾವಣೆಯಿಂದ ಪಕ್ಕದ ಬಡಾವಣೆಗೆ ಹೋಗುವುದು ಕಷ್ಟ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ನಿಲ್ದಾಣ ಹತ್ತಿರವಿರುವುದಕ್ಕೆ ಮನೆಯ ಖರ್ಚಿನ ಲೆಕ್ಕದಲ್ಲೂ ಬೆಲೆ ಬಂದಿದೆ.

ಬಾಡಿಗೆ ಒಂದೇ ಊರಿನಲ್ಲೂ ಬೇರೆ ಬೇರೆ ಕಾರಣಕ್ಕೆ ಏರುತ್ತದೆ. ಗೋಕುಲಂನಲ್ಲಿ ಅದಕ್ಕೆ ಯೋಗವೂ ಒಂದು ಕಾರಣ: ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಹೊರದೇಶಗಳಿಂದ ಬಂದವರು ತಿಂಗಳುಗಟ್ಟಲೆ ಅಲ್ಲಿ ಉಳಿಯುತ್ತಿದ್ದರು. ಕೈಯಲ್ಲಿ ಒಂದಿಷ್ಟು ಗಂಟಿದ್ದವರಿಗೆ ಭೋಗ್ಯದ ಮನೆಯೂ ಸಿಗುತ್ತದೆ. ಬಾಡಿಗೆ ಇಲ್ಲ, ಬಿಡುವಾಗ ಗಂಟು ವಾಪಸು. ಆದರೆ ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯೆ ಎಂದು ಋಣಭಾರ ಪತ್ರದಲ್ಲಿ ನೋಡದೆ ಲಕ್ಷಗಟ್ಟಲೆ ಕೊಡಬಾರದು, ಕರಾರನ್ನು ನೋಂದಾಯಿಸದೆ ಬಿಡಬಾರದು. ಕೊಳ್ಳುವವರಿಗೆ ಪತ್ರಗಳ ಪಟ್ಟಿ ಇನ್ನೂ ಉದ್ದ. ಪಾಲಿಕೆ, ನಗರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಖಾತೆ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11. ಎ-ಖಾತೆಯೊ ಬಿ-ಖಾತೆಯೊ ಎಂಬುದು ಬ್ಯಾಂಕಿನ ಸಾಲದಿಂದ ಹಿಡಿದು ಮನೆ ಕಟ್ಟುವ ಪರವಾನಗಿಯವರೆಗೆ ಎಲ್ಲವನ್ನೂ ಮುಟ್ಟುತ್ತದೆ. ಹೊಸ ಅಪಾರ್ಟ್‌ಮೆಂಟ್ ಅಥವಾ ಲೇಔಟಾದರೆ ರೇರಾ ನೋಂದಣಿ ಸಂಖ್ಯೆ ಕೇಳಿ ಪಡೆಯಬೇಕು.

ಪತ್ರಗಳು ಹೇಳದ್ದನ್ನು ಬೀದಿ ಹೇಳುತ್ತದೆ. ಒಮ್ಮೆ ಬೆಳಿಗ್ಗೆ ಆರಕ್ಕೆ, ಒಮ್ಮೆ ಸಂಜೆ ಐದಕ್ಕೆ, ಒಮ್ಮೆ ರಾತ್ರಿ ಒಂಬತ್ತರ ಮೇಲೆ ಅಲ್ಲಿ ಹೋಗಿ ನಿಲ್ಲಬೇಕು. ಬೆಳಿಗ್ಗೆ ನಂದಿನಿ ಬೂತಿನ ಮುಂದೆ ಹಾಲಿಗೆ ಬಂದವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆಯೆ, ಚಿಲ್ಲರೆ ಇಲ್ಲದವರಿಗೆ ‘ನಾಳೆ ಕೊಡಿ ಸಾರ್’ ಎನ್ನುವ ರೂಢಿ ಇದೆಯೆ? ಸಂಜೆ ಗೇಟುಗಳ ಮುಂದೆ ಸಣ್ಣ ಸೈಕಲ್ಲುಗಳು ಬೀಗವಿಲ್ಲದೆ ಬಿದ್ದಿವೆಯೆ? ರಾತ್ರಿ ಬೀದಿದೀಪ ಉರಿಯುತ್ತದೆಯೆ, ಹೆಣ್ಣುಮಕ್ಕಳು ಟ್ಯೂಷನ್ ಮುಗಿಸಿ ನಡೆದು ಬರುತ್ತಾರೆಯೆ, ಮೂಲೆಯಲ್ಲಿ ಬಾರ್ ಇದೆಯೆ, ನಾಯಿಗಳ ಗುಂಪು ಎಷ್ಟು ದೊಡ್ಡದು? ಹತ್ತಿರ ಕಲ್ಯಾಣ ಮಂಟಪ ಇದ್ದರೆ ಮುಹೂರ್ತದ ತಿಂಗಳುಗಳಲ್ಲಿ ವಾಲಗ, ಪಟಾಕಿ ಮತ್ತು ಕಾರುಗಳ ಸಾಲು ಗ್ಯಾರಂಟಿ. ಅರಮನೆಯಿಂದ ಬನ್ನಿಮಂಟಪದವರೆಗಿನ ಜಂಬೂಸವಾರಿ ದಾರಿಯ ಅಕ್ಕಪಕ್ಕದವರಿಗೆ ದಸರೆಯ ಹತ್ತು ದಿನ ಸ್ವಂತ ಬೀದಿಗೆ ಗಾಡಿ ತರುವುದೇ ಸಾಹಸ. ದೀಪಾಲಂಕಾರ ಮಾತ್ರ ಮನೆಯ ಮಹಡಿಯಿಂದಲೇ ಕಾಣುತ್ತದೆ. ಇನ್ನು ಊರಿನ ಅಂಚು ಎಂದರೆ ಕಾಡಿನ ಅಂಚೂ ಹೌದು. 2011ರ ಜೂನ್‌ನಲ್ಲಿ ಕಾಡಾನೆಗಳು ಊರೊಳಕ್ಕೇ ಬಂದಿದ್ದವು. 2024ರ ಡಿಸೆಂಬರ್ 31ರಂದು ಹೆಬ್ಬಾಳದ ಇನ್ಫೊಸಿಸ್ ಆವರಣದಲ್ಲಿ ಚಿರತೆ ಕಾಣಿಸಿತು.

ಇಷ್ಟೆಲ್ಲ ವಿಚಾರಿಸಿದರೂ ಒಂದು ಬಡಾವಣೆ ಪೂರ್ತಿ ತಿಳಿಯಬೇಕಾದರೆ ಅಲ್ಲಿ ಎಲ್ಲ ಕಾಲವನ್ನೂ ಕಾಣಬೇಕು. ಕೊಳ್ಳುವ ಮನಸ್ಸಿದ್ದವರೂ ಮೊದಲು ಅದೇ ಬಡಾವಣೆಯಲ್ಲಿ ಬಾಡಿಗೆಗೆ ಇರುವುದು ಅದಕ್ಕೇ. ಒಂದು ವರ್ಷಕ್ಕಿಂತ ಕಡಿಮೆ ಅವಧಿಗಾದರೆ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಶಾಲೆ ಶುರುವಾಗುವ ಜೂನ್‌ಗೆ ಬಂದ ಕುಟುಂಬ ಆಷಾಢದ ಮಳೆಯಲ್ಲಿ ಮೋರಿ ಉಕ್ಕುತ್ತದೆಯೆ ಎಂದು ನೋಡಿ, ದಸರೆಯ ಜನಜಂಗುಳಿ ದಾಟಿ, ಧನುರ್ಮಾಸದ ಬೆಳಗಿನ ಮೈಕು ಕೇಳಿ, ಏಪ್ರಿಲ್‌ನಲ್ಲಿ ಬೀದಿಗೆ ಟ್ಯಾಂಕರ್ ಬರುತ್ತದೆಯೊ ಇಲ್ಲವೊ ಎಂದು ತಿಳಿದುಕೊಳ್ಳುವ ಹೊತ್ತಿಗೆ ಆ 11 ತಿಂಗಳು ಮುಗಿದಿರುತ್ತದೆ.