ಗುಜರಿಗೆ ಹೋಗಬೇಕಿದ್ದ ರಸ್ತೆರಾಜ

"ತಾತ, ಇದನ್ನ ಗುಜರಿಗೆ ಕೊಟ್ಟುಬಿಡೋಣ. ಈಗ ಹೊಸ ಯೆಜ್ಡಿನೇ ಸಿಗುತ್ತೆ!"

ಯುಗಾದಿಗೆ ಗುಬ್ಬಿಗೆ ಬಂದ ಮೊಮ್ಮಗ ಹೀಗೆಂದಾಗ ನಾವಿಬ್ಬರೂ ಹಿತ್ತಲ ಕೊಟ್ಟಿಗೆಯಲ್ಲಿದ್ದೆವು. ಎದುರಿಗೆ ತೆಂಗಿನ ಮಟ್ಟೆ, ಗೋಣಿಚೀಲಗಳ ನಡುವೆ ನನ್ನ ಯೆಜ್ಡಿ ರೋಡ್‌ಕಿಂಗ್. 1980ರಲ್ಲಿ ಸಾಲ ಮಾಡಿ ಕೊಂಡದ್ದು. ಮೂಲೆ ಸೇರಿ ಹದಿನೆಂಟು ವರ್ಷವಾಗಿತ್ತು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು.

ಬಿಕಾಂ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಈ ಲೆಕ್ಕ ಕಷ್ಟವಲ್ಲ. ವರ್ಷವರ್ಷ ಸವಕಳಿ ಕಳೆದರೆ ಅದರ ಬೆಲೆ ಎಂದೋ ಸೊನ್ನೆ. ಆದರೂ "ಆಯ್ತು" ಎನ್ನಲು ಬಾಯಿ ಬರಲಿಲ್ಲ.

1984ರ ಮಳೆಗಾಲದ ಒಂದು ರಾತ್ರಿ ಇವನ ತಾಯಿಗೆ, ಆಗ ಎರಡು ವರ್ಷದ ಕೂಸಿಗೆ, ಜ್ವರ ನೆತ್ತಿಗೇರಿತ್ತು. ನನ್ನಾಕೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದೆ ಕೂತಳು. ತುಮಕೂರಿಗೆ ಸುಮಾರು 20 ಕಿ.ಮೀ. ಬಿ.ಎಚ್. ರಸ್ತೆಯುದ್ದಕ್ಕೂ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ನನ್ನಾಕೆ ಈಗಿಲ್ಲ. ಆ ರಾತ್ರಿಯನ್ನು ಯಾವ ಲೆಡ್ಜರಿನಲ್ಲಿ ಬರೆಯಲಿ?

ಮಕ್ಕಳೇ, ಈ ಗಾಡಿ ನಮ್ಮ ನಾಡಿನದೇ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಜಾವಾ ಎಂಬುದು ಜೆಕ್ ದೇಶದ ಹೆಸರು. ಸ್ಥಾಪಕ ಯಾನೆಚೆಕ್ ಅವರ ಹೆಸರಿನಿಂದ 'ಜಾ', ವಾಂಡರರ್ ಎಂಬ ಕಂಪನಿಯಿಂದ 'ವಾ'. ಎಪ್ಪತ್ತರ ದಶಕದಲ್ಲಿ ನಮ್ಮ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. ಮದರಾಸಿನ ಬಳಿ ಶೋಲಾವರಂನಲ್ಲಿ ನಡೆಯುತ್ತಿದ್ದ ರೇಸುಗಳಲ್ಲೂ ಇವು ಓಡಿವೆ. ಆಮೇಲೆ ಹೆಚ್ಚು ಮೈಲೇಜಿನ ಹಗುರ ಗಾಡಿಗಳು ಬಂದವು, ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ, ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿಯ ಕೈಯಲ್ಲಿ ಮತ್ತೆ ಬಂದವು. ಈಗ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯದು ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಯುವ 250 ಸಿಸಿ ಟೂ-ಸ್ಟ್ರೋಕ್. ಹೊಸ ಯೆಜ್ಡಿ 334 ಸಿಸಿಯ ಫೋರ್-ಸ್ಟ್ರೋಕ್. ನೋಟ ಅಜ್ಜನದು, ಹೃದಯ ಮೊಮ್ಮಗನದು!

ಹೊರದೇಶದ ಕಾರುಗಳಲ್ಲೂ ಹೀಗೆಯೇ. ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಪುಟ್ಟ ಮಿನಿ 2000ದಲ್ಲಿ ನಿಂತು, ಮರುವರ್ಷವೇ ಬಿಎಂಡಬ್ಲ್ಯು ಕೈಯಲ್ಲಿ ಹೊಸ ರೂಪದಲ್ಲಿ ಬಂತು. ನನಗೆ ಹೆಚ್ಚು ಹಿಡಿಸಿದ್ದು ಜಾಗ್ವಾರ್ ಕಥೆ. 1963ರಲ್ಲಿ ಹಗುರವಾದ 18 ಇ-ಟೈಪ್ ರೇಸ್ ಕಾರುಗಳಿಗೆ ನಂಬರ್ ಕೊಟ್ಟಿದ್ದರು. ತಯಾರಾದದ್ದು 12. ಉಳಿದ ಆರು ನಂಬರ್‌ಗಳು ಪುಸ್ತಕದಲ್ಲೇ ಖಾಲಿ ಉಳಿದಿದ್ದವು. 2014ರಲ್ಲಿ ಹಳೆಯ ವಿನ್ಯಾಸದಂತೆಯೇ ಆ ಆರನ್ನೂ ಕಟ್ಟಲು ಕೈಹಾಕಿದರು. ಐವತ್ತು ವರ್ಷದ ಬಾಕಿ ಲೆಕ್ಕ ಚುಕ್ತಾ! ಗುಮಾಸ್ತನಿಗೆ ಇದಕ್ಕಿಂತ ಸಂತೋಷದ ಸುದ್ದಿ ಉಂಟೆ?

"ಹೊಸದನ್ನ ನಿನ್ನ ಸಂಬಳದಲ್ಲಿ ತಗೋ. ಮೊದಲು ಇದನ್ನ ಎಬ್ಬಿಸೋಣ" ಎಂದೆ.

ತುಮಕೂರಿನಲ್ಲಿ ಜಾವಾ ಕೆಲಸ ಬಲ್ಲ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಅವರಿಗೂ ಅರವತ್ತೆಂಟು. ಮಗ ಈ ಕಸುಬಿಗೆ ಬಂದಿಲ್ಲ. ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿ, "ಸಾರ್, ಜೀವ ಇದೆ" ಎಂದರು.

ಪಿಸ್ಟನ್ ಹಿಡಿದುಕೊಂಡಿತ್ತು. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆವು. ಟ್ಯಾಂಕಿನ ತುಕ್ಕು, ಸೈಲೆನ್ಸರಿನ ಮಸಿ ತೆಗೆಸಿದೆವು. ಆಯಿಲ್ ಸೀಲ್ ಕಲ್ಲಾಗಿದ್ದವು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಇರುವ ಕೆಳಗಿನ ಗೂಡಿಗೆ ಬಂದು, ಅಲ್ಲಿಂದ ಮೇಲೇರುತ್ತವೆ. ಸೀಲ್ ಸೋರಿದರೆ ಎಷ್ಟು ಒದ್ದರೂ ಗಾಡಿ ಏಳದು. ಸಾಮಾನು ಹುಡುಕಿ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ ಸುತ್ತಿದೆವು. 15 ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದನ್ನೂ ಮಾಡಿಸಿದೆ. ಖರ್ಚನ್ನೆಲ್ಲ ಬರೆದಿಟ್ಟಿದ್ದೇನೆ. ಒಟ್ಟು ಮೊತ್ತ ಎಷ್ಟೆಂದು ಮಗಳಿಗೆ ಹೇಳಿಲ್ಲ.

ರಜೆ ಸಿಕ್ಕಾಗಲೆಲ್ಲ ಮೊಮ್ಮಗ ಮೆಕ್ಯಾನಿಕ್ ಪಕ್ಕದಲ್ಲೇ ಕೂತ. ಪಾಯಿಂಟ್ ಅಂತರ ಹೊಂದಿಸುವುದು, ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳುವುದು ಕಲಿತ. "ನನ್ನ ಕೈಯಲ್ಲೇ ಮುಗೀಬೇಕಿತ್ತು ಇದು" ಎಂದು ಹಿರಿಯರು ನಕ್ಕರು.

ದಸರೆಯ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದಾಯಿತು. ಯೆಜ್ಡಿಯಲ್ಲಿ ಗೇರೂ ಕಿಕ್ಕರೂ ಒಂದೇ ಕಡ್ಡಿ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಮೊಮ್ಮಗ ಒದ್ದ. ಒಮ್ಮೆ, ಎರಡು ಬಾರಿ, ಏನಿಲ್ಲ. ಮೂರನೆಯ ಸಲ ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು, ಹಿಂದೆಯೇ ಆ ಹಳೆಯ ಸದ್ದು.

ಅಡುಗೆಮನೆಯಿಂದ ಮಗಳು ಕೈ ಒರೆಸಿಕೊಳ್ಳುತ್ತ ಓಡಿಬಂದಳು. "ಅಪ್ಪಾ, ನಿಮ್ಮ ಗಾಡಿ!" ಎಂದವಳೇ ಮಗನ ಹಿಂದೆ ಹತ್ತಿ ಕೂತಳು. ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಬಿ.ಎಚ್. ರಸ್ತೆಯ ಕಡೆ ಹೊರಟರು. ತಿರುವು ದಾಟಿದ ಮೇಲೂ ಆ ಸದ್ದು ಕೇಳುತ್ತಿತ್ತು.

ಮಕ್ಕಳೇ, ನಿಮ್ಮ ತಾತನ ಕೊಟ್ಟಿಗೆಯಲ್ಲೂ ಏನಾದರೂ ಧೂಳು ತಿನ್ನುತ್ತಿರಬಹುದು. ಗುಜರಿಯವನನ್ನು ಕೂಗುವ ಮುನ್ನ ತಾತನನ್ನೊಮ್ಮೆ ಕೇಳಿ.