ಸೈಕಲ್ ಸವಾರನೂ ಕಟ್ಟಿಹಾಕದ ನಾಯಿಯೂ

ಮಂಗಳೂರಿನಲ್ಲಿ ಸಮನೆಲವೆಂದು ಹೇಳಿಕೊಳ್ಳಬಹುದಾದದ್ದು ನೆಹರೂ ಮೈದಾನ ಒಂದೇ ಎಂದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹಾಸ್ಯ ಮಾಡುತ್ತಿದ್ದರು. ಮಾತಿನಲ್ಲಿ ಅತಿಶಯೋಕ್ತಿಯಿದ್ದರೂ ಸೈಕಲ್ ತುಳಿಯುವವನಿಗೆ ಅದರೊಳಗಿನ ಸತ್ಯ ಗೊತ್ತು. ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯಿರಿ, ಕದ್ರಿಯ ಗುಡ್ಡದಿಂದ ಕಂಬಳದ ಕಡೆಗೆ ಇಳಿಯಿರಿ. ಇಳಿದಷ್ಟನ್ನೂ ಮತ್ತೆ ಹತ್ತಲೇಬೇಕು. ಹತ್ತುವಾಗ ನಾವು ಸೈಕಲ್ಲನ್ನು ಎಳೆಯುತ್ತೇವೆ. ಇಳಿಯುವಾಗ ಸೈಕಲ್ಲು ನಮ್ಮನ್ನು ಎಳೆಯುತ್ತದೆ. ಈ ಎರಡು ಅವಸ್ಥೆಗಳಲ್ಲಿ ಯಾವುದರಲ್ಲಿಯೂ ನಾಯಿಯೊಂದು ಬೆನ್ನಟ್ಟಿ ಬರುವುದು ಹಿತಕರವಲ್ಲ.

ಮೂವತ್ತು ವರ್ಷಗಳ ಕಾಲ ಶಾಲೆಗೆ ಸೈಕಲ್ಲಿನಲ್ಲಿಯೇ ಹೋಗಿ ಬಂದಿರುವ ನಾನು ಈ ವಿಷಯದಲ್ಲಿ ಪಂಡಿತನೆಂದೇ ತಿಳಿದಿದ್ದೆ. ಆ ಪಾಂಡಿತ್ಯ ಒಬ್ಬ ಹುಡುಗನ ಕಾಲಿನ ಮೀನಖಂಡದ ಮೇಲೆ ಪರೀಕ್ಷೆಗೊಳಗಾಗಿ, ಅಲ್ಲಿಯೇ ಅನುತ್ತೀರ್ಣವಾಯಿತು. ಆ ಸಂಗತಿಯನ್ನು ಹೇಳಿಕೊಳ್ಳುವುದು ನನಗೆ ಹೆಮ್ಮೆಯ ವಿಷಯವಲ್ಲ. ಆದರೂ ಹೇಳುವುದು ಒಳ್ಳೆಯದೆಂದು ತೋರುತ್ತದೆ. ಏಕೆಂದರೆ ನಾನು ಅವನಿಗೆ ಕೊಟ್ಟ ಉಪದೇಶವನ್ನೇ ಈಗಲೂ ಅನೇಕ ಹಿರಿಯರು ಮಕ್ಕಳಿಗೆ ಕೊಡುತ್ತಿದ್ದಾರೆ.

ಎರಡು ವರ್ಷಗಳ ಹಿಂದಿನ ಮಳೆಗಾಲ. ಪಾಠ ಮುಗಿದು, ಗಂಟೆ ಬಾರಿಸಲು ಇನ್ನೂ ಐದು ನಿಮಿಷ ಉಳಿದಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಸರ್, ಸೈಕಲ್ಲಿಗೆ ನಾಯಿ ಅಟ್ಟಿಸಿಕೊಂಡು ಬಂದರೆ ಏನು ಮಾಡಬೇಕು?” ಎಂದು ಕೇಳಿದ. ಅವನ ಸೈಕಲ್ಲು ನಿಜವಾಗಿ ಅವನ ಅಕ್ಕನದು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆಯೊಂದನ್ನು ಸರಕಾರ ೨೦೦೬-೦೭ರಲ್ಲಿ ಆರಂಭಿಸಿತ್ತಷ್ಟೆ. ಅದು ನಡೆಯುತ್ತಿದ್ದ ಕಾಲದಲ್ಲಿ ಅಕ್ಕನಿಗೆ ದೊರೆತ ಸೈಕಲ್ಲು, ಅವಳು ಕಾಲೇಜು ಸೇರಿದ ಮೇಲೆ ತಮ್ಮನ ಪಾಲಿಗೆ ಬಂದಿತ್ತು. ತಾಯಿ ಬೀಡಿ ಕಟ್ಟುವವರು. ಬಸ್ಸಿನ ದುಡ್ಡನ್ನು ಉಳಿಸುವ ಆ ಸೈಕಲ್ಲಿಗೆ ಮನೆಯಲ್ಲಿ ಒಂದು ಮರ್ಯಾದೆಯಿತ್ತು.

ನಾನು ಗಂಟಲು ಸರಿಪಡಿಸಿಕೊಂಡು, “ಜೋರಾಗಿ ತುಳಿ. ನಾಯಿಗೆ ದಣಿವಾಗುತ್ತದೆ. ಹತ್ತಿರ ಬಂದೇ ಬಿಟ್ಟರೆ ಕಾಲೆರಡನ್ನೂ ಮೇಲಕ್ಕೆ ಎತ್ತಿಕೋ. ಬೊಗಳುವ ನಾಯಿ ಕಚ್ಚುವುದಿಲ್ಲ, ಗೊತ್ತಿಲ್ಲವೇ?” ಎಂದೆ. ತರಗತಿ ನಕ್ಕಿತು. ಗಂಟೆ ಬಾರಿಸಿತು.

ಒಂದು ವಾರ ಕಳೆದಿರಬಹುದು. ಆ ಹುಡುಗ ಕುಂಟುತ್ತಾ ಬರುವುದನ್ನು ಕಂಡೆ. ಕೇಳಿದರೆ “ಬಿದ್ದೆ ಸರ್” ಎಂದ. ಸಂಜೆ ಮೆಟ್ಟಿಲಿಳಿಯುವಾಗ ಅವನ ಪ್ಯಾಂಟಿನ ಅಂಚು ಮೇಲೆ ಸರಿದು, ಅರಸಿನ ಮೆತ್ತಿದ ಬಟ್ಟೆಯ ಪಟ್ಟಿ ಕಾಣಿಸಿತು. ಬಿದ್ದವನಿಗೆ ಮೊಣಕಾಲು ತರಚಬೇಕಲ್ಲದೆ ಹಿಂಗಾಲಿನ ಮಾಂಸದಲ್ಲಿ ಗಾಯವಾಗುವುದು ಹೇಗೆ? ಬದಿಗೆ ಕರೆದು ಪಟ್ಟಿ ಬಿಚ್ಚಿಸಿದೆ. ನಾಲ್ಕು ಹಲ್ಲಿನ ಗುರುತುಗಳು; ಎರಡು ಆಳವಾಗಿಯೇ ಇದ್ದುವು.

“ನೀವು ಹೇಳಿದ ಹಾಗೆಯೇ ಮಾಡಿದೆ ಸರ್. ಕಾಲು ಎತ್ತಿದೆ. ಆಗ ಬ್ಯಾಲೆನ್ಸ್ ತಪ್ಪಿತು,” ಎಂದ. ಸ್ವಲ್ಪ ತಡೆದು, “ಅಮ್ಮನಿಗೆ ಹೇಳಬೇಡಿ ಸರ್. ಇನ್ನು ಸೈಕಲ್ ಮುಟ್ಟಬೇಡ ಅಂತಾರೆ,” ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಕಚ್ಚಿ ಎರಡು ದಿನಗಳಾಗಿದ್ದುವು. ಕಚ್ಚಿದ್ದು ಬೀದಿಯ ನಾಯಿಯೂ ಅಲ್ಲ; ನನ್ನ ನೆರೆಮನೆಯ ರಾಯರ ಜಿಮ್ಮಿ.

ಹುಚ್ಚುನಾಯಿಯ ರೋಗದ ವಿಷಯವನ್ನು ಓದುಗರಲ್ಲಿ ಹಲವರು ಬಲ್ಲರು, ಆದರೂ ಹೇಳುತ್ತೇನೆ. ಜೊಲ್ಲಿನ ಮೂಲಕ ಗಾಯವನ್ನು ಸೇರುವ ವೈರಾಣು ನರಗಳ ದಾರಿ ಹಿಡಿದು ಮೆದುಳಿನ ಕಡೆಗೆ ಮೆಲ್ಲಗೆ ಸಾಗುತ್ತದೆ. ಕೆಲವೊಮ್ಮೆ ವಾರಗಳು, ಕೆಲವೊಮ್ಮೆ ತಿಂಗಳುಗಳು. ಅದು ಮೆದುಳನ್ನು ಮುಟ್ಟಿ ಲಕ್ಷಣಗಳು ತೋರಿದವೆಂದರೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಮುಟ್ಟುವ ಮೊದಲು ಲಸಿಕೆ ಹಾಕಿಸಿಕೊಂಡರೆ ಅಪಾಯ ತಪ್ಪುತ್ತದೆ. ಕಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ವೈರಾಣುವಿನ ಮೇಲಣ ಕೊಬ್ಬಿನ ಪೊರೆಯನ್ನು ಸಾಬೂನು ಕರಗಿಸಿಬಿಡುತ್ತದೆ. ಅರಸಿನ, ಸುಣ್ಣ, ಮೆಣಸಿನ ಹುಡಿ ಯಾವುದೂ ಆ ಕೆಲಸವನ್ನು ಮಾಡಲಾರದು.

ಅಂದು ಶಾಲೆಯ ನಲ್ಲಿಯ ಕೆಳಗೆ ಅವನ ಕಾಲನ್ನು ತೊಳೆಸಿ, ತಾಯಿಗೂ ಹೇಳಿಕಳಿಸಿ, ನೇರವಾಗಿ ವೆನ್ಲಾಕ್ ಆಸ್ಪತ್ರೆಗೆ ಕರೆದೊಯ್ದೆ. ೧೮೪೮ರಲ್ಲಿ ಸ್ಥಾಪಿತವಾದ ಆ ಆಸ್ಪತ್ರೆಯ ಜಗಲಿಯಲ್ಲಿ ಸರದಿಗಾಗಿ ಕುಳಿತಾಗ ನನಗೆ ನೆನಪಾದವನು ಜೋಸೆಫ್ ಮೈಸ್ಟರ್ ಎಂಬ ಆಲ್ಸೇಸಿನ ಒಂಬತ್ತು ವರ್ಷದ ಹುಡುಗ. ೧೮೮೫ರ ಜುಲೈ ೪ರಂದು ಅವನನ್ನು ಹುಚ್ಚುನಾಯಿ ಕಚ್ಚಿತು; ಜುಲೈ ೬ರಂದು ಲೂಯಿ ಪಾಶ್ಚರರು ಅವನಿಗೆ ಮೊದಲ ಲಸಿಕೆಯನ್ನು ಹಾಕಿಸಿದರು. ಅವನಿಗೂ ನಡುವೆ ಎರಡೇ ದಿನ ಕಳೆದಿತ್ತು. ಅವನು ಬದುಕಿದ. ಆ ಲೆಕ್ಕದಿಂದ ನನ್ನ ಎದೆ ಸ್ವಲ್ಪ ಹಗುರಾಯಿತು. ಗಾಯ ಆಳವಾದುದರಿಂದ ಅದರ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಿ, ತೋಳಿಗೆ ಲಸಿಕೆ ಹಾಕಿದರು. ಮತ್ತೆ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ ಬರಬೇಕೆಂದು ಚೀಟಿ ಬರೆದುಕೊಟ್ಟರು. “ನಾಯಿಯನ್ನು ಗಮನಿಸಬಹುದೇ?” ಎಂದು ವೈದ್ಯರು ಕೇಳಿದರು. ಕಚ್ಚುವಾಗಲೇ ನಾಯಿಯ ಜೊಲ್ಲಿನಲ್ಲಿ ರೋಗವಿದ್ದರೆ ಅದು ಹತ್ತು ದಿನಗಳೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಹತ್ತರಲ್ಲಿ ಎರಡು ದಿನ ಕಳೆದಿದ್ದುವು. ಉಳಿದ ಎಂಟು ದಿನಗಳ ಕಾವಲು ನನ್ನ ಪಾಲಿಗೆ ಬಂತು.

ರಾಯರು ಬ್ಯಾಂಕಿನಿಂದ ನಿವೃತ್ತರಾದವರು, ಸಜ್ಜನರು. ಆದರೂ ಅವರ ಬಾಯಿಂದ ಬಂದ ಮೊದಲ ಮಾತು, “ನಮ್ಮ ಜಿಮ್ಮಿ ಕಚ್ಚುವ ಜಾತಿಯದಲ್ಲ, ಮಾಸ್ಟ್ರೇ!” ಈ ಮಾತನ್ನು ಆಡದ ನಾಯಿಯ ಯಜಮಾನನನ್ನು ನಾನು ಇದುವರೆಗೆ ಕಂಡಿಲ್ಲ. ನಾನು ಹುಡುಗನ ಕಾಲನ್ನು ವರ್ಣಿಸಿದ ಮೇಲೆ ಅವರು ಮೌನವಾದರು. ಲಸಿಕೆಯ ಪುಸ್ತಕ ತೆಗೆದು ನೋಡಿದಾಗ ಎರಡು ವರ್ಷ ಚುಚ್ಚುಮದ್ದು ತಪ್ಪಿಹೋಗಿದ್ದುದು ತಿಳಿಯಿತು. ಮುಂಜಾನೆ ಗೇಟು ತೆರೆದು ಬಿಟ್ಟರೆ ಅದು ಓಣಿ ಸುತ್ತಿ ತಾನೇ ಮರಳುವುದು ಅವರ ಮನೆಯ ಪದ್ಧತಿ. ಅಂದೇ ಜಿಮ್ಮಿಯನ್ನು ಸರಪಳಿ ಹಾಕಿ ಜಗಲಿಯ ಕಂಬಕ್ಕೆ ಕಟ್ಟಿದರು.

ಪ್ರತಿದಿನ ಬೆಳಗ್ಗೆ ಶಾಲೆಗೆ ಹೋಗುವ ಮೊದಲು ನಾನು ಅದನ್ನು ನೋಡಿಬರತೊಡಗಿದೆ. ನೀರು ಕುಡಿಯಿತೇ, ಗಂಜಿ ತಿಂದಿತೇ, ಬಾಯಿಂದ ಜೊಲ್ಲು ಸುರಿಯುತ್ತಿದೆಯೇ ಎಂದು ಕೇಳುವುದು, ದೂರದಿಂದ ನೋಡುವುದು. ನಾಯಿಯೊಂದರ ಆರೋಗ್ಯಕ್ಕಾಗಿ ಅಷ್ಟು ಮನಃಪೂರ್ವಕವಾಗಿ ನಾನು ಹಿಂದೆಂದೂ ಹಾರೈಸಿರಲಿಲ್ಲ. ಮೂರನೆಯ ದಿನ ಒಂದು ಸಂಗತಿ ಗಮನಕ್ಕೆ ಬಂತು. ನಾನು ಸೈಕಲ್ಲೇರಿ ಗೇಟಿನವರೆಗೆ ಬಂದ ದಿನ ಜಿಮ್ಮಿ ಸರಪಳಿ ಹರಿಯುವಂತೆ ಹಾರುತ್ತಿತ್ತು. ನಾಲ್ಕು ಮಾರು ದೂರದಲ್ಲೇ ಇಳಿದು, ತಳ್ಳಿಕೊಂಡು ಬಂದ ದಿನ ಒಮ್ಮೆ ಬೊಗಳಿ ಸುಮ್ಮನಾಗುತ್ತಿತ್ತು. ಮನುಷ್ಯ ಅದೇ, ಸೈಕಲ್ಲು ಅದೇ. ಬುಟ್ಟಿ ಹೊತ್ತು ನಡೆದು ಬರುವ ಮೀನಿನವಳಿಗೆ ಅದು ಬಾಲ ಆಡಿಸುತ್ತಿತ್ತು. ಪೇಪರಿನ ಹುಡುಗ ಭರ್ರೆಂದು ಹಾದುಹೋದರೆ ಅದಕ್ಕೆ ಹುಚ್ಚು ಕೆರಳುತ್ತಿತ್ತು.

ಯೋಚಿಸಿದಾಗ ಕಾರಣ ಹೊಳೆಯಿತು. ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ಓಣಿ ಅದರ ಸೀಮೆ. ಸವಾರ ಬರುತ್ತಾನೆ, ನಾಯಿ ಬೊಗಳುತ್ತದೆ, ಸವಾರ ಪ್ರಾಣಭಯದಿಂದ ತುಳಿದು ಕಣ್ಮರೆಯಾಗುತ್ತಾನೆ. ನಮ್ಮ ದೃಷ್ಟಿಯಲ್ಲಿ ನಾವು ಪಾರಾದೆವು. ನಾಯಿಯ ದೃಷ್ಟಿಯಲ್ಲಿ ಅದು ಗೆದ್ದಿತು. ನಾಳೆ ಅದು ಇನ್ನಷ್ಟು ಉತ್ಸಾಹದಿಂದ ಬರುತ್ತದೆ. ಹೀಗೆ ಮೂವತ್ತು ವರ್ಷ ಓಡಿ ಓಡಿ, ಈ ಊರಿನ ನಾಯಿಗಳಿಗೆ ಬೆನ್ನಟ್ಟುವ ಪಾಠವನ್ನು ಕಲಿಸಿದ ಅಧ್ಯಾಪಕರಲ್ಲಿ ನಾನೂ ಒಬ್ಬ.

ಈ ಜಗಳ ಸೈಕಲ್ಲಿನಷ್ಟೇ ಹಳೆಯದು. ೧೮೯೦ರ ದಶಕದ ಫ್ರಾನ್ಸಿನಲ್ಲಿ ಸೈಕಲ್ ಸವಾರರ ಜೇಬಿಗೆಂದೇ ‘ವೆಲೋಡಾಗ್’ ಎಂಬ ಪುಟ್ಟ ಪಿಸ್ತೂಲನ್ನು ತಯಾರಿಸಿ ಮಾರುತ್ತಿದ್ದರು. ಹೆಸರಿನಲ್ಲೇ ಸೈಕಲ್ಲೂ ಇದೆ, ನಾಯಿಯೂ ಇದೆ. ಮನಸ್ಸು ಒಪ್ಪದವರಿಗಾಗಿ ಗುಂಡಿನ ಬದಲು ಮೆಣಸಿನ ಹುಡಿ ತುಂಬಿದ ತೋಟಾಗಳೂ ಇದ್ದುವಂತೆ. ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದರಲ್ಲಿ ಪಿಸ್ತೂಲು. ಅದನ್ನು ಬಳಸಿದವರಲ್ಲಿ ಎಷ್ಟು ಮಂದಿ ಚರಂಡಿಗೆ ಬಿದ್ದರೋ! ಅಮೆರಿಕದ ವಿನೋದಗಾರ ಮಾರ್ಕ್ ಟ್ವೈನರು ಸೈಕಲ್ಲು ಕಲಿತ ಕಥೆಯನ್ನು ಹೇಳುವ ಪ್ರಬಂಧದಲ್ಲಿ ನಾಯಿಯ ಪ್ರಸ್ತಾಪವನ್ನು ಮಾಡುತ್ತಾರೆ. ನಾಯಿಯನ್ನು ತಪ್ಪಿಸಲು ನಾವು ಅತ್ತಿತ್ತ ಹೊರಳಿದಾಗಲೇ ಅದರ ಲೆಕ್ಕ ತಪ್ಪಿ ಚಕ್ರಕ್ಕೆ ಸಿಗುತ್ತದೆ ಎಂಬುದು ಅವರ ವಾದದ ತಾತ್ಪರ್ಯ. ನಗೆಯ ಮಾತಾದರೂ ಅದರಲ್ಲಿ ಹುರುಳಿದೆ. ಸವಾರ ನೇರವಾಗಿ, ನಿಧಾನವಾಗಿ ಬಂದರೆ ನಾಯಿಗೂ ದಾರಿ ಬಿಡಲು ತಿಳಿಯುತ್ತದೆ.

ಆದ್ದರಿಂದ ಈಗ ನನ್ನ ಪಾಠ ಬದಲಾಗಿದೆ. ದೂರದಲ್ಲಿ ನಾಯಿ ಕಂಡರೆ ಅಲ್ಲಿಂದಲೇ ಬೆಲ್ಲು ಬಾರಿಸಬೇಕು. ಮಲಗಿದ ನಾಯಿಯ ಬೆನ್ನ ಹಿಂದೆ ಸದ್ದಿಲ್ಲದೆ ಬಂದು ಬೆಚ್ಚಿಬೀಳಿಸಬಾರದು. ಇಳಿಜಾರಿನಲ್ಲಿ ಮೊದಲೇ ಬ್ರೇಕು ಹಿಡಿಯಬೇಕು. ಮಳೆಗಾಲದಲ್ಲಿ ಒದ್ದೆಯಾದ ರಿಮ್ಮನ್ನು ಬ್ರೇಕು ತಡವಾಗಿ ಹಿಡಿಯುತ್ತದೆಂಬುದನ್ನು ಮರೆಯಬಾರದು. ನಾಯಿ ಮುನ್ನುಗ್ಗಿದರೆ ಇಳಿದು, ಸೈಕಲ್ಲನ್ನು ತನಗೂ ಅದಕ್ಕೂ ನಡುವೆ ಬೇಲಿಯಂತೆ ನಿಲ್ಲಿಸಿಕೊಂಡು, ಗಟ್ಟಿಯಾಗಿ ಮಾತನಾಡಬೇಕು. ‘ಹಚಾ’ ಎನ್ನಿ, ತುಳುವಿನಲ್ಲಿ ‘ಪೋಲ’ ಎನ್ನಿ. ಯಾವ ಭಾಷೆಯಾದರೂ ಸರಿಯೆ. ಚಕ್ರದ ಮೇಲಿರುವುದು ಮನುಷ್ಯನೆಂಬುದು ಅದಕ್ಕೆ ತಿಳಿದರೆ ಸಾಕು. ಒದೆಯಬಾರದು, ಕಲ್ಲಿಗೆ ಬಗ್ಗಬಾರದು, ಬೆನ್ನು ತಿರುಗಿಸಿ ಓಡಬಾರದು. ಅದರ ಸೀಮೆ ದಾಟುವವರೆಗೆ ನಡೆದೇ ಹೋಗಬೇಕು. ಮರಿ ಹಾಕಿದ ತಾಯಿನಾಯಿ ಇರುವ ಓಣಿಯನ್ನು ಕೆಲವು ವಾರ ಬಿಟ್ಟುಬಿಡುವುದೇ ಜಾಣತನ. ತಣ್ಣೀರುಬಾವಿಯ ಕಡಲದಂಡೆಯಂಥ ತಾಣಗಳಲ್ಲಿ ಸಾಕುನಾಯಿಯನ್ನು ಕರೆತಂದವರು ಎದುರಾದರೆ, ಯಜಮಾನ ಒಂದು ಬದಿಗೆ, ನಾಯಿ ಇನ್ನೊಂದು ಬದಿಗೆ ಇದ್ದಾಗ ನಡುವೆ ನುಗ್ಗಬಾರದು. ಹಗ್ಗ ಕಾಣಿಸದಿದ್ದರೂ ಪ್ರೀತಿಯ ಎಳೆತ ಇದ್ದೇ ಇರುತ್ತದೆ, ಯಜಮಾನ ಕರೆದೊಡನೆ ನಾಯಿ ನಮ್ಮ ಚಕ್ರಕ್ಕೆ ಅಡ್ಡವಾಗಿ ಓಡುತ್ತದೆ.

ಸವಾರನೊಬ್ಬನೇ ಎಚ್ಚರದಿಂದಿದ್ದರೆ ಸಾಕೇ? ಸಾಲದು. ಸಾಕಿದ ಪ್ರಾಣಿಯನ್ನು ಅಪಾಯವಾಗದಂತೆ ಹಿಡಿತದಲ್ಲಿಡದವನಿಗೆ, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೯೧ನೆಯ ಕಲಮು ಆರು ತಿಂಗಳವರೆಗಿನ ಸೆರೆಯನ್ನು ಅಥವಾ ಐದು ಸಾವಿರ ರೂಪಾಯಿವರೆಗಿನ ದಂಡವನ್ನು, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಬೀದಿಯ ನಾಯಿಗಳಿಗೆ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡಬೇಕೆಂಬುದು ೨೦೦೧ರ ಮತ್ತು ಅದರ ಬದಲಿಗೆ ಬಂದ ೨೦೨೩ರ ನಿಯಮಗಳ ಸಾರ. ೨೦೨೫ರ ಆಗಸ್ಟ್ ೧೧ರಂದು ಸುಪ್ರೀಂ ಕೋರ್ಟು ದಿಲ್ಲಿಯ ನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಒಯ್ಯಬೇಕೆಂದು ಆಜ್ಞಾಪಿಸಿತು. ೨೨ರಂದು ಅದನ್ನು ತಿದ್ದಿ, ಹುಚ್ಚು ಹಿಡಿದವನ್ನೂ ಆಕ್ರಮಣಕಾರಿಯಾದವನ್ನೂ ಬಿಟ್ಟು ಉಳಿದವನ್ನು ಲಸಿಕೆ ಹಾಕಿ ಮರಳಿ ಬಿಡಬಹುದೆಂದಿತು. ನವೆಂಬರ್ ೭ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಅವನ್ನು ತೆರವುಗೊಳಿಸಬೇಕೆಂದಿತು. ವಾದ ಪ್ರತಿವಾದ ಏನೇ ಇರಲಿ, ನಮ್ಮ ಓಣಿಯ ಗೇಟನ್ನು ಮುಚ್ಚಲು ದಿಲ್ಲಿಯಿಂದ ಯಾರೂ ಬರಬೇಕಾಗಿಲ್ಲ. ಮೀನಿನ ಕಸವನ್ನು ಬೇಲಿಯಾಚೆ ಎಸೆಯದಿರಲು ನ್ಯಾಯಾಲಯದ ಆಜ್ಞೆಯೂ ಬೇಕಾಗಿಲ್ಲ.

ಹಿಂದೆ ನಾಯಿಗಳ ವಿಷಯದಲ್ಲಿ ನನಗೆ ಸಿಟ್ಟು ಬಂದಾಗಲೆಲ್ಲ ಧರ್ಮರಾಯನ ಕಥೆ ಹೇಳಿ ಸಮಾಧಾನಪಡಿಸುವವರಿದ್ದರು. ಸ್ವರ್ಗದ ಬಾಗಿಲಿನಲ್ಲಿಯೂ ಅವನು ನಾಯಿಯನ್ನು ಬಿಡಲಿಲ್ಲ ನಿಜ. ಆದರೆ ನನಗೀಗ ಆ ಕಥೆಯಲ್ಲಿ ಇನ್ನೊಂದು ಅರ್ಥ ಕಾಣುತ್ತದೆ: ತನ್ನ ಜೊತೆಗೆ ಬಂದ ನಾಯಿಗೆ ಅವನು ಹೊಣೆಯಾಗಿ ನಿಂತ. ಗೇಟು ತೆರೆದು ಓಣಿಗೆ ಬಿಟ್ಟು, ತಾನು ಒಳಗೆ ಕಾಫಿ ಕುಡಿಯುತ್ತಾ ಕೂರಲಿಲ್ಲ.

ಹತ್ತನೆಯ ದಿನ ಬೆಳಗ್ಗೆ ಮಳೆ ಬಿಟ್ಟಿತ್ತು. ಜಿಮ್ಮಿ ಗಂಜಿಯ ತಟ್ಟೆಯನ್ನು ನೆಕ್ಕಿ ಮುಗಿಸಿ, ನನ್ನನ್ನು ನೋಡಿ ಬಾಲ ಆಡಿಸಿತು. ರಾಯರು ಮಾತಿಲ್ಲದೆ ನನ್ನ ಕೈ ಹಿಡಿದುಕೊಂಡರು. ಅದೇ ದಿನ ಸಂಜೆ ಅವರು ಹುಡುಗನ ಮನೆಗೆ ಹೋಗಿ ತಾಯಿಯ ಕ್ಷಮೆ ಕೇಳಿದರು. ಆಕೆ, “ಸೈಕಲ್ಲಿನ ತಪ್ಪಲ್ಲ ಬಿಡಿ. ಮಗ ನನ್ನಲ್ಲಿ ಹೇಳಲಿಲ್ಲವಲ್ಲ, ಅದೇ ಬೇಜಾರು,” ಎಂದರಂತೆ. ನನಗೂ ತಟ್ಟಿದ ಮಾತು ಅದೇ. ನಾಯಿಯ ಹಲ್ಲಿಗಿಂತ ಹೆಚ್ಚಿನ ಅಪಾಯ ಆ ಎರಡು ದಿನಗಳ ಮೌನದಲ್ಲಿತ್ತು. ಪೆಟ್ಟು ತಿಂದ ಮಗುವಿಗೆ ಸೈಕಲ್ಲು ಕಳೆದುಕೊಳ್ಳುವ ಭಯವಿದ್ದರೆ ಅದು ಪೆಟ್ಟನ್ನೇ ಮುಚ್ಚಿಡುತ್ತದೆ. ತಂದೆತಾಯಿಗಳೂ ಅಧ್ಯಾಪಕರೂ ಇದನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಇಪ್ಪತ್ತೆಂಟನೆಯ ದಿನದ ಚುಚ್ಚುಮದ್ದೂ ಮುಗಿಯಿತು. ಹುಡುಗ ಈಗಲೂ ಅದೇ ಸೈಕಲ್ಲಿನಲ್ಲಿ ನಮ್ಮ ಓಣಿಯಿಂದಲೇ ಹೋಗುತ್ತಾನೆ. ರಾಯರ ಗೇಟು ಮುಚ್ಚಿರುತ್ತದೆ. ಜಿಮ್ಮಿ ಬೆಳಗ್ಗೆ ಅವರ ಕೈಯ ಹಗ್ಗದಲ್ಲಿ ತಿರುಗಾಡುತ್ತದೆ. ಇಳಿಜಾರಿನ ತುದಿಯಲ್ಲಿ ಹುಡುಗ ಎರಡು ಸಲ ಬೆಲ್ಲು ಬಾರಿಸಿ, ಇಳಿದು, ನಾಲ್ಕು ಹೆಜ್ಜೆ ತಳ್ಳಿಕೊಂಡು ನಡೆಯುತ್ತಾನೆ. ಮತ್ತೆ ಏರಿ ಹೋಗುತ್ತಾನೆ. ಅದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ.